ಮಾದರಿಗೆ ಪ್ರಾಣಪ್ರತಿಷ್ಠೆ

ಕನ್ನಡದ ‘ಮಾದರಿ’ ಎಂಬ ಪದದಲ್ಲಿ ಒಂದು ತೊಡಕಿದೆ. ಮಾದರಿ ಶಾಲೆ, ಮಾದರಿ ಗ್ರಾಮ, ಮಾದರಿ ರೈತ, ಇತರರಿಗೆ ಮಾದರಿಯಾದ ದಂಪತಿ. ದಿನಪತ್ರಿಕೆಯ ಜಿಲ್ಲಾ ಪುಟ ತೆರೆದರೆ ಇವು ದಿನಾ ಸಿಗುತ್ತವೆ. ಇಲ್ಲಿ ಮಾದರಿ ಎಂದರೆ ನೋಡಿ ಕಲಿಯಬೇಕಾದದ್ದು, ಕುಂದಿಲ್ಲದ್ದು. ಎಂಜಿನಿಯರುಗಳು ‘ಪ್ರೋಟೋಟೈಪ್’ ಎಂದು ಕರೆಯುವುದಕ್ಕೂ ನಮ್ಮ ಪಠ್ಯಪುಸ್ತಕ, ಕಡತಗಳಲ್ಲಿ ಇದೇ ಪದ; ಮುಂದೊಂದು ‘ಮೂಲ’ ಸೇರಿಸಿ ‘ಮೂಲಮಾದರಿ’ ಎನ್ನುತ್ತಾರೆ ಅಷ್ಟೆ. ಆದರೆ ಪ್ರೋಟೋಟೈಪ್ ಯಾರೂ ಅನುಸರಿಸಲಿ ಎಂದು ಇರುವ ವಸ್ತುವಲ್ಲ. ಅದನ್ನು ಮಾಡುವುದೇ ಬಗ್ಗಿಸಿ, ಬೀಳಿಸಿ, ಮುರಿದು, ಎಲ್ಲಿ ತಪ್ಪಿದೆ ಎಂದು ಕಂಡುಕೊಂಡು ಮೂಲೆಗೆ ಎಸೆಯಲಿಕ್ಕೆ. ಒಂದೇ ಪದ ಒಂದು ಕಡೆ ಆದರ್ಶವನ್ನೂ ಇನ್ನೊಂದು ಕಡೆ ಎಸೆಯಬೇಕಾದ ವಸ್ತುವನ್ನೂ ಹೇಳುತ್ತಿದೆ.

ನಾನು ಕನ್ನಡದ ಕಸುಬುಗಳ ಪದಗಳ ಮೇಲೆ ಸಂಶೋಧನೆ ಮಾಡುತ್ತಿರುವವಳು. ಕಮ್ಮಾರಿಕೆ, ಬಡಗಿತನ, ಎರಕದ ಪದಗಳನ್ನು ಕಲೆಹಾಕುತ್ತ ಹೋದವಳಿಗೆ ಅವೇ ಕೆಲಸಗಳ ಹೊಸ ರೂಪವಾದ ‘ರ‍್ಯಾಪಿಡ್ ಪ್ರೋಟೋಟೈಪಿಂಗ್’ ಎದುರಾಗದೆ ಇರಲಿಲ್ಲ. ಈ ತಂತ್ರಜ್ಞಾನ ಭಾರತದಲ್ಲಿ ಬೆಳೆದ ಬಗೆಯ ಕುರಿತು ಬಂದ ಪತ್ರಿಕಾ ವರದಿ, ಸರ್ಕಾರಿ ನೀತಿ, ಒಂದು ಇಂಗ್ಲಿಷ್ ಪುಸ್ತಕ ಎಲ್ಲವನ್ನೂ ಒಟ್ಟಿಗೆ ಓದಿದಾಗ, ‘ಮಾದರಿ’ಯ ಎರಡು ಅರ್ಥಗಳು ಬರೀ ನಿಘಂಟಿನಲ್ಲಿ ಅಲ್ಲ, ನಮ್ಮ ಸಾರ್ವಜನಿಕ ನಡವಳಿಕೆಯಲ್ಲೇ ಅದಲುಬದಲಾಗಿವೆ ಅನ್ನಿಸಿತು. ಪರೀಕ್ಷೆಗೆಂದು ಮಾಡಿದ್ದನ್ನು ನಾವು ಪೂಜೆಗೆ ಕೂರಿಸುತ್ತಿದ್ದೇವೆ.

ಮೊದಲು ತಂತ್ರಜ್ಞಾನದ ವಿಷಯ, ಚುಟುಕಾಗಿ. ಎಪ್ಪತ್ತು ಎಂಬತ್ತರ ದಶಕದವರೆಗೆ ಒಂದು ಹೊಸ ಬಿಡಿಭಾಗ ಹೇಗೆ ಬರುತ್ತದೆ ಎಂದು ನೋಡಬೇಕಾದರೆ ಅದನ್ನು ಕುಶಲಿಗಳಿಂದ ಕೊರೆಸಬೇಕಿತ್ತು, ಇಲ್ಲವೇ ಅಚ್ಚು ಮಾಡಿಸಿ ಎರಕ ಹೊಯ್ಯಬೇಕಿತ್ತು. ವಾರಗಟ್ಟಲೆ ಕಾಯಬೇಕು, ತಪ್ಪಿದರೆ ಅಚ್ಚಿನ ದುಡ್ಡು ಹೋಯಿತು. 1981ರಲ್ಲಿ ಜಪಾನಿನ ನಗೋಯಾದಲ್ಲಿ ಹಿದೆಯೊ ಕೊಡಾಮ ಎಂಬವರು ಬೆಳಕಿಗೆ ಗಟ್ಟಿಯಾಗುವ ರಾಳವನ್ನು ಪದರ ಪದರವಾಗಿ ಗಟ್ಟಿಗೊಳಿಸಿ ವಸ್ತು ರೂಪಿಸುವ ಬಗೆಯನ್ನು ವಿವರಿಸಿದರು. ಅಮೆರಿಕದ ಚಾರ್ಲ್ಸ್ ಹಲ್ ಇಂಥದೇ ವಿಧಾನಕ್ಕೆ 1984ರಲ್ಲಿ ಪೇಟೆಂಟ್ ಅರ್ಜಿ ಹಾಕಿ 1986ರಲ್ಲಿ ಪಡೆದರು. 1989ರಲ್ಲಿ ಸ್ಕಾಟ್ ಕ್ರಂಪ್ ಇನ್ನೂ ಸರಳವಾದ ದಾರಿಗೆ ಪೇಟೆಂಟ್ ಕೇಳಿದರು: ಪ್ಲಾಸ್ಟಿಕ್ ಎಳೆಯನ್ನು ಕಾಯಿಸಿ ಮೂತಿಯಿಂದ ಬಿಡುತ್ತ, ಪದರದ ಮೇಲೆ ಪದರ ಸುತ್ತುವುದು. ಚಕ್ಕುಲಿ ಒರಳು ಒತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಒರಳನ್ನು ಕಂಪ್ಯೂಟರ್ ಹಿಡಿದಿರುತ್ತದೆ, ಎಳೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ದಪ್ಪ. ಈ ಕೊನೆಯ ಪೇಟೆಂಟಿನ ಅವಧಿ 2009ರಲ್ಲಿ ಮುಗಿಯಿತು. ಅಷ್ಟರೊಳಗೆ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ ಶುರುಮಾಡಿದ ‘ರೆಪ್‌ರ‍್ಯಾಪ್’ ಯೋಜನೆ ಇಂಥ ಯಂತ್ರದ ನಕ್ಷೆಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತ್ತು. ದೊಡ್ಡ ಕಂಪನಿಗಳ ಪ್ರಯೋಗಾಲಯದಲ್ಲಿ ಮಾತ್ರ ಇದ್ದ ಯಂತ್ರ ಮೇಜಿನ ಮೇಲೆ ಕೂರುವಂತಾಯಿತು. ಭಾರತದ ಕಾಲೇಜುಗಳಿಗೆ, ಸಣ್ಣ ಕಾರ್ಖಾನೆಗಳಿಗೆ ಅದು ಧಾರಾಳವಾಗಿ ಬಂದದ್ದು ಇದಾದ ಮೇಲೆ.

‘ರ‍್ಯಾಪಿಡ್’ಗೆ ನಮ್ಮಲ್ಲಿ ‘ಕ್ಷಿಪ್ರ’ ಎಂದು ಅನುವಾದ. ನನಗಂತೂ ಆ ಪದ ಕೇಳಿದಾಗಲೆಲ್ಲ ಗಲಭೆಯಾದ ಊರಿಗೆ ಬಂದಿಳಿಯುವ ಕಾರ್ಯಪಡೆ ನೆನಪಾಗುತ್ತದೆ. ಅದಿರಲಿ. ಬೇಗ ಆಗುತ್ತದೆ ಎಂಬುದು ಈ ತಂತ್ರಜ್ಞಾನದ ಮೇಲ್ಮೈ ಗುಣ ಮಾತ್ರ. ಸಾವಿರಾರು ಪ್ಲಾಸ್ಟಿಕ್ ಡಬ್ಬಿ ಬೇಕಾದರೆ ಅಚ್ಚಿನ ಯಂತ್ರದ ಮುಂದೆ ಈ ಪ್ರಿಂಟರ್ ಬಸವನಹುಳು. 2020ರ ಮೊದಲ ಲಾಕ್‌ಡೌನ್‌ನಲ್ಲಿ ದೇಶದ ಹತ್ತಾರು ಕಡೆ ಹುಡುಗ ಹುಡುಗಿಯರು ಮನೆಯ ಪ್ರಿಂಟರಿನಲ್ಲಿ ಮುಖಗವಚದ ಪಟ್ಟಿಗಳನ್ನು ಮುದ್ರಿಸಿ ಆಸ್ಪತ್ರೆಗಳಿಗೆ ಕೊಟ್ಟರು. ಹಾಕಿಕೊಂಡ ನರ್ಸುಗಳು ಹಣೆಗೆ ಒತ್ತುತ್ತದೆ, ಕನ್ನಡಕಕ್ಕೆ ತಾಗುತ್ತದೆ ಎಂದರೆ ರಾತ್ರಿ ನಕ್ಷೆ ತಿದ್ದಿ ಬೆಳಿಗ್ಗೆ ಹೊಸದು ಕಳಿಸಬಹುದಿತ್ತು. ಸಂಖ್ಯೆ ಬೇಕಾದಾಗ ಕೆಲಸ ಲೇಸರ್ ಕತ್ತರಿಗೋ ಅಚ್ಚಿಗೋ ಹೋಯಿತು. ಮುದ್ರಣದ ಯಂತ್ರ ಅಗ್ಗ ಮಾಡಿದ್ದು ತಯಾರಿಕೆಯನ್ನಲ್ಲ, ತಪ್ಪನ್ನು. ಹತ್ತು ಸಲ ತಪ್ಪಿದರೂ ಹೋಗುವುದು ಒಂದಿಷ್ಟು ಪ್ಲಾಸ್ಟಿಕ್, ಒಂದಿಷ್ಟು ರಾತ್ರಿ. ಹಾಗಾದರೆ ಬಡತನವಿರುವ ದೇಶಕ್ಕೆ ಇದಕ್ಕಿಂತ ಒಳ್ಳೆಯದು ಬೇರೇನಿದೆ? ತಪ್ಪುವ ಶಕ್ತಿಯೇ ಇಲ್ಲದವರಿಗೆ ತಪ್ಪುವ ಅವಕಾಶ ಕೊಡುವ ಯಂತ್ರವಲ್ಲವೇ ಇದು? ಈ ಪ್ರಶ್ನೆ ಇಟ್ಟುಕೊಂಡೇ ಮುಂದಿನದನ್ನು ಓದಬೇಕು.

2023ರ ಆಗಸ್ಟ್ 18ರಂದು ಬೆಂಗಳೂರಿನ ಹಲಸೂರು ಬಳಿಯ ಕೇಂಬ್ರಿಡ್ಜ್ ಲೇಔಟ್‌ನಲ್ಲಿ ಒಂದು ಅಂಚೆ ಕಚೇರಿ ಉದ್ಘಾಟನೆಯಾಯಿತು. 1,021 ಚದರಡಿಯ ಕಟ್ಟಡ. ಎಲ್ ಅಂಡ್ ಟಿ ಕಂಪನಿ ಕಟ್ಟಿದ್ದು, ಮದರಾಸಿನ ಐಐಟಿಯ ತಾಂತ್ರಿಕ ಮಾರ್ಗದರ್ಶನ; ಕಾಂಕ್ರೀಟನ್ನು ರೋಬೋ ಪ್ರಿಂಟರಿನಿಂದ ಪದರ ಪದರವಾಗಿ ಇಳಿಸಿ 43 ದಿನಗಳಲ್ಲಿ ಮುಗಿಸಿದರು. ಮಾಮೂಲಿ ರೀತಿಯಲ್ಲಿ ಆರೆಂಟು ತಿಂಗಳು ಬೇಕಿತ್ತಂತೆ. ಕೇಂದ್ರ ಸಚಿವರು ಬಂದರು. ನಾನು ಓದಿದ ಕನ್ನಡ, ಇಂಗ್ಲಿಷ್ ವರದಿಗಳ ತಲೆಬರಹ ಹೆಚ್ಚುಕಡಿಮೆ ಒಂದೇ: ದೇಶದ ಮೊದಲ 3ಡಿ ಮುದ್ರಿತ ಅಂಚೆ ಕಚೇರಿ.

ಆ ಗೋಡೆಗಳ ಹತ್ತಿರ ಹೋಗಿ ನೋಡಿದರೆ ಅಡ್ಡಗೆರೆಗಳು ಕಾಣುತ್ತವೆ, ಪದರ ಇಳಿದ ಗುರುತು. ಮೂಲೆಗಳು ದುಂಡಗಿವೆ. ಚೆನ್ನಾಗಿದೆ ಎಂದೇ ಹೇಳಬೇಕು. ನನ್ನ ತಕರಾರು ಕಟ್ಟಡದ ಮೇಲಲ್ಲ, ಅದರ ಬಗ್ಗೆ ಬರೆದ ವಾಕ್ಯಗಳ ಮೇಲೆ. ನಾನು ಓದಿದ ಆ ವರದಿಗಳಲ್ಲಿ ಎಲ್ಲ ಕ್ರಿಯಾಪದಗಳೂ ಮುಗಿದ ಕ್ರಿಯೆಗಳು: ನಿರ್ಮಿಸಲಾಗಿದೆ, ಪೂರ್ಣಗೊಂಡಿದೆ, ಲೋಕಾರ್ಪಣೆಯಾಗಿದೆ. ಹೊಸ ವಿಧಾನದಲ್ಲಿ ಕಟ್ಟಿದ ಮನೆಯ ಬಗ್ಗೆ ಸಾಮಾನ್ಯ ಗೃಹಿಣಿ ಕೇಳುವ ಪ್ರಶ್ನೆಗಳೂ ಅಲ್ಲಿಲ್ಲ. ಏಪ್ರಿಲ್‌ನಲ್ಲಿ ಒಳಗೆ ಎಷ್ಟು ಸೆಕೆ? ಎರಡು ಮಳೆಗಾಲ ಕಳೆದ ಮೇಲೆ ಪದರಗಳ ಸಂದಿನಲ್ಲಿ ನೀರು ಜಿನುಗುತ್ತದೆಯೇ? ಗೋಡೆಯೊಳಗೆ ಒಂದು ವೈರು ಹೊಸದಾಗಿ ಎಳೆಯಬೇಕಾದರೆ ಯಾರು ಕೊರೆಯುತ್ತಾರೆ? ಎಂಜಿನಿಯರುಗಳ ಬಳಿ ಇವಕ್ಕೆ ಅಂಕಿಅಂಶ ಇದ್ದೇ ಇರುತ್ತದೆ, ಅವರು ಪರೀಕ್ಷೆ ಮಾಡದೆ ಬಂದವರಲ್ಲ. ಇದೇ ಕಂಪನಿ 2020ರಲ್ಲಿ ಕಾಂಚೀಪುರದ ತನ್ನ ಆವರಣದಲ್ಲಿ 700 ಚದರಡಿಯ, ಒಂದು ಮಹಡಿಯಿದ್ದ ಕಟ್ಟಡವನ್ನು ಮುದ್ರಿಸಿ ನೋಡಿತ್ತು. 2021ರಲ್ಲಿ ಮದರಾಸಿನ ಐಐಟಿ ಆವರಣದಲ್ಲಿ ತ್ವಷ್ಟಾ ಎಂಬ ಕಂಪನಿ 600 ಚದರಡಿಯ ಮನೆ ಮುದ್ರಿಸಿತ್ತು. (ತ್ವಷ್ಟೃ ವೇದಗಳ ಶಿಲ್ಪಿದೇವತೆ, ಹೆಸರಿಟ್ಟವರಿಗೆ ನಮಸ್ಕಾರ.) ನಿಜವಾದ ಅರ್ಥದಲ್ಲಿ ಮಾದರಿಗಳು ಅವು. ಆದರೆ ಸಾರ್ವಜನಿಕ ನೆನಪಿನಲ್ಲಿ ಉಳಿದದ್ದು ಟೇಪು ಕತ್ತರಿಸಿದ ಅಂಚೆ ಕಚೇರಿ.

‘ಮೊದಲ’ ಎಂಬ ವಿಶೇಷಣಕ್ಕೆ ನಮ್ಮಲ್ಲಿ ವಿಪರೀತ ಹಸಿವು. ಅದೇ 2023ರಲ್ಲಿ ತೆಲಂಗಾಣದ ಸಿದ್ಧಿಪೇಟೆಯಲ್ಲಿ ಜಗತ್ತಿನ ಮೊದಲನೆಯದೆಂದು ಹೇಳಿಕೊಂಡ 3ಡಿ ಮುದ್ರಿತ ದೇವಸ್ಥಾನ ಎದ್ದಿತು. ಮೂರು ಗರ್ಭಗುಡಿಗಳು: ಗಣಪನಿಗೆ ಮೋದಕದ ಆಕಾರದ್ದು, ಶಿವನಿಗೆ ಚೌಕದ್ದು, ಪಾರ್ವತಿಗೆ ಕಮಲದ್ದು. ಮೋದಕದಾಕಾರದ ಗುಡಿ ಕಲ್ಲಿನಲ್ಲಿ ಬಹಳ ಕಷ್ಟ, ಕಾಂಕ್ರೀಟ್ ಎಳೆಗೆ ಅದು ಸಲೀಸು. ಆ ಮಟ್ಟಿಗೆ ಯಂತ್ರದ ಸ್ವಭಾವ ಅರಿತು ಮಾಡಿದ ವಿನ್ಯಾಸವೇ ಅದು. ಆದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಚಾರ. ಪ್ರತಿಷ್ಠಾಪನೆಯಾದ ಗುಡಿಯನ್ನು ಇನ್ನು ಯಾರು ಕೆಡವಿ ನೋಡುತ್ತಾರೆ?

ಇಲ್ಲಿ ಬೇಲೂರಿನ ಕತೆಗೆ ಬರಬೇಕು. ಜಕಣಾಚಾರಿ ಎಂಬ ಶಿಲ್ಪಿ ಇದ್ದನೋ ಇಲ್ಲವೋ, ಇತಿಹಾಸಕಾರರಿಗೆ ಅನುಮಾನ. ಬೇಲೂರಿನ ಶಿಲ್ಪಗಳ ಕೆಳಗೆ ಸಹಿ ಇರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರದು. ಆದರೂ ಜನ ಜಕಣಾಚಾರಿಯನ್ನು ಬಿಟ್ಟುಕೊಟ್ಟಿಲ್ಲ. 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಸಿನಿಮಾ ಬಂದಾಗ ಅದು ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಎಂದು ಹೆಸರಾಯಿತು. ಅಲ್ಲೂ ‘ಮೊದಲ’!

ಕತೆ ಎಲ್ಲರಿಗೂ ಗೊತ್ತು. ಚೆನ್ನಕೇಶವನ ಮೂರ್ತಿ ಸಿದ್ಧವಾಗಿದೆ, ಪ್ರತಿಷ್ಠೆಯ ಮುಹೂರ್ತ ಹತ್ತಿರ. ಊರಿಗೆ ಹೊಸಬನಾದ ಹುಡುಗ ಡಂಕಣ ಈ ಕಲ್ಲಿನಲ್ಲಿ ದೋಷವಿದೆ ಅನ್ನುತ್ತಾನೆ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣಾಚಾರಿ ಪಣ ತೊಡುತ್ತಾನೆ. ಹುಡುಗ ಮೂರ್ತಿಗೆಲ್ಲ ಗಂಧ ಬಳಿಸುತ್ತಾನೆ. ಗಂಧ ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಜೀವಂತ ಕಪ್ಪೆ. ಬೇಲೂರಿನಲ್ಲಿ ಇವತ್ತಿಗೂ ಕಪ್ಪೆ ಚೆನ್ನಿಗರಾಯನ ಗುಡಿ ಇದೆ.

ಈ ಕತೆಯನ್ನು ನಾವು ಅಪ್ಪ-ಮಗನ ಕತೆಯಾಗಿ, ಅಹಂಕಾರದ ಕತೆಯಾಗಿ ಓದಿದ್ದೇವೆ. ನಾನು ಅದನ್ನು ಪರೀಕ್ಷೆಯ ಕತೆಯಾಗಿ ಓದಲು ಇಷ್ಟಪಡುತ್ತೇನೆ. ಹುಡುಗ ಮಾಡಿದ್ದೇನು? ಮೂರ್ತಿಯನ್ನು ಒಡೆಯದೆ ಒಳಗಿನ ತೇವವನ್ನು ಹೊರಗಿನಿಂದ ಕಂಡುಹಿಡಿದ. ಇವತ್ತಿನ ಕಾರ್ಖಾನೆಯಲ್ಲಿ ಎರಕದ ಮೇಲೆ ಬಣ್ಣದ ದ್ರವ ಬಳಿದು ಕಣ್ಣಿಗೆ ಕಾಣದ ಬಿರುಕು ಹುಡುಕುವ ಕ್ರಮಕ್ಕೂ ಇದಕ್ಕೂ ಹತ್ತಿರದ ನೆಂಟಸ್ತನ. ಅದಕ್ಕಿಂತ ಮುಖ್ಯವಾಗಿ ಇದೆಲ್ಲ ನಡೆಯುವುದು ಪ್ರಾಣಪ್ರತಿಷ್ಠೆಗೆ ಮುಂಚೆ. ಮುಹೂರ್ತ ಮುಗಿದಿದ್ದರೆ ಗಂಧ ಹಚ್ಚಿದ್ದು ಪೂಜೆಯಾಗುತ್ತಿತ್ತು, ಪರೀಕ್ಷೆಯಾಗುತ್ತಿರಲಿಲ್ಲ. ಕಲ್ಲು ಇನ್ನೂ ಕಲ್ಲಾಗಿರುವಾಗ ಮಾತ್ರ ‘ಇದರಲ್ಲಿ ದೋಷವಿದೆ’ ಅನ್ನಬಹುದು. ಮತ್ತೊಂದು ಸಂಗತಿಯೂ ಇದೆ, ಅಷ್ಟು ಸುಖದ್ದಲ್ಲ. ದೋಷ ಸಿಕ್ಕಿದ್ದಕ್ಕೆ ಬೆಲೆ ತೆತ್ತದ್ದು ಕಲ್ಲು ಕೊಟ್ಟ ಗಣಿಯಲ್ಲ, ಮುಹೂರ್ತ ಇಟ್ಟ ಅರಸನೂ ಅಲ್ಲ. ಕೆಲಸಗಾರನ ಕೈ.

ನಮ್ಮ ಕಾಲದ ಕೈ ಯಾರದು ಎಂದು ನನಗೆ ಹೊಳೆದದ್ದು ಹಳೇ ಮೈಸೂರು ಸೀಮೆಯ ಒಂದು ಶಾಲೆಯಲ್ಲಿ. 2016ರಲ್ಲಿ ನೀತಿ ಆಯೋಗ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಶುರುಮಾಡಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಸಲಕರಣೆಗಳ ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನುಗಳ ಜೊತೆ 3ಡಿ ಪ್ರಿಂಟರ್ ಇದೆ. ಇಂಥ 10,000 ಲ್ಯಾಬ್‌ಗಳಾದವು. 2025ರ ಬಜೆಟ್ಟಿನಲ್ಲಿ ಮುಂದಿನ ಐದು ವರ್ಷಕ್ಕೆ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಎಂದು ಘೋಷಣೆಯಾಯಿತು. ಇಷ್ಟು ದೊಡ್ಡ ಪ್ರಮಾಣದಲ್ಲಿ ಮಕ್ಕಳ ಕೈಗೆ ಇಂಥ ಯಂತ್ರ ಕೊಡಲು ಹೊರಟ ದೇಶಗಳು ಹೆಚ್ಚಿಲ್ಲ. ಯೋಜನೆಯ ಆಶಯ ಒಳ್ಳೆಯದು. ‘ಟಿಂಕರಿಂಗ್’ ಎಂಬ ಪದವನ್ನು ಸರ್ಕಾರವೊಂದು ತನ್ನ ಬೋರ್ಡಿನ ಮೇಲೆ ಬರೆಸಿದ್ದೇ ನನಗೆ ಖುಷಿಯ ವಿಷಯ.

ಹೆಸರು ಬೇಡ, ನಾನು ಹೋದ ಶಾಲೆಯಲ್ಲಿ ಆ ಪ್ರಿಂಟರಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಬಟ್ಟೆ ಸರಿಸಿದರೆ ನೆತ್ತಿಯ ಮೇಲೆ ಆಯುಧಪೂಜೆಯ ಕುಂಕುಮ, ಒಣಗಿದ ಸೇವಂತಿಗೆ. ಪಕ್ಕದ ಕಪಾಟಿನಲ್ಲಿ ಅದರಲ್ಲಿ ಮುದ್ರಿಸಿದ ಮೂರು ವಸ್ತುಗಳು: ಶಾಲೆಯ ಹೆಸರಿನ ಕೀಚೈನು, ಒಂದು ಗಣಪ, ಒಂದು ಐಫೆಲ್ ಗೋಪುರ. ಮೂರೂ ಇಂಟರ್‌ನೆಟ್‌ನಿಂದ ಇಳಿಸಿಕೊಂಡ ನಕ್ಷೆಗಳೋ ಕಂಪನಿಯವರು ತೋರಿಸಿಕೊಟ್ಟ ಕೆಲಸಗಳೋ ಆಗಿದ್ದವು. ಮಕ್ಕಳು ಉಪಯೋಗಿಸುತ್ತಾರಾ ಎಂದೆ.

‘ನನಗೂ ಆಸೆ ಇದೆ ಮೇಡಂ’ ಅಂದರು ವಿಜ್ಞಾನದ ಮೇಷ್ಟ್ರು. ‘ಮೂತಿ ಕಟ್ಕೊಂಡ್ರೆ ರಿಪೇರಿಗೆ ಬೆಂಗಳೂರಿಂದ ಬರಬೇಕು. ಬರೋರಿಗೆ ದುಡ್ಡು ಯಾವ ಹೆಡ್ಡಲ್ಲಿ ಕೊಡಲಿ? ಸ್ಟಾಕ್ ರಿಜಿಸ್ಟರಲ್ಲಿ ನನ್ನ ಸಹಿ ಇದೆ. ಆಡಿಟ್‌ನವರು ಮಕ್ಕಳನ್ನ ಕೇಳಲ್ಲ, ನನ್ನ ಕೇಳ್ತಾರೆ.’

ಈ ಮಾತನ್ನು ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ, ನಗರದ ಬರಹಗಾರರು ಹಾಗೆ ಮಾಡುವುದನ್ನೂ ಕಂಡಿದ್ದೇನೆ. ಪೂಜೆಯನ್ನು ಬೈಯುವುದು ಇನ್ನೂ ಸುಲಭ. ಪೀಣ್ಯದಲ್ಲಿ ಲೇತ್‌ಗೂ ಕುಂಕುಮ ಹಚ್ಚುತ್ತಾರೆ, ಮಾರನೆಯ ಬೆಳಿಗ್ಗೆ ಅದೇ ಲೇತ್ ಕಬ್ಬಿಣದ ಸಿಪ್ಪೆ ಉಗುಳುತ್ತಿರುತ್ತದೆ. ಶಾಲೆಯಲ್ಲಿ ಯಂತ್ರ ನಿಂತುಹೋಗಿರುವುದು ಭಕ್ತಿಯಿಂದಲ್ಲ. ಮೇಷ್ಟ್ರು ಹೇಳಿದ್ದು ಬಹಳ ನಿಖರವಾದ ತಾಂತ್ರಿಕ ವಿಮರ್ಶೆ. ತಪ್ಪನ್ನು ಅಗ್ಗ ಮಾಡುವ ಯಂತ್ರವನ್ನು ತಪ್ಪಿಗೆ ಲೆಕ್ಕದ ಶೀರ್ಷಿಕೆಯೇ ಇಲ್ಲದ ವ್ಯವಸ್ಥೆಯೊಳಗೆ ತಂದಿಟ್ಟಿದ್ದಾರೆ. ಹಾಳಾದ ಪ್ಲಾಸ್ಟಿಕ್ಕಿನ ಬೆಲೆ ಹೆಚ್ಚೇನಿಲ್ಲ, ಅದಕ್ಕೆ ಕೊಡಬೇಕಾದ ಸಮಜಾಯಿಷಿಯ ಬೆಲೆ ಒಂದು ಇಂಕ್ರಿಮೆಂಟಿನಷ್ಟು.

ಇಪ್ಪತ್ತು ವರ್ಷದ ಹಿಂದೆ ಇದೇ ಆಸೆಯನ್ನು ಇನ್ನೂ ದೊಡ್ಡದಾಗಿ ಹೇಳಿದ ಪುಸ್ತಕವೊಂದಿದೆ: ಎಂಐಟಿಯ ನೀಲ್ ಗರ್ಶೆನ್‌ಫೆಲ್ಡ್ 2005ರಲ್ಲಿ ಬರೆದ ‘ಫ್ಯಾಬ್’. ಕಂಪ್ಯೂಟರ್ ಮನೆಮನೆಗೆ ಬಂದ ಹಾಗೆ ತಯಾರಿಕೆಯೂ ಮನೆಗೆ ಬರುತ್ತದೆ, ಯಾರು ಬೇಕಾದರೂ ಹೆಚ್ಚುಕಡಿಮೆ ಏನನ್ನು ಬೇಕಾದರೂ ಮಾಡಬಹುದು ಎಂಬುದು ಅದರ ವಾದ. ಅದಕ್ಕೆ ಸಾಕ್ಷಿಯಾಗಿ ಅವರು ತರುವ ಜಾಗಗಳಲ್ಲಿ ಒಂದು ಪುಣೆ ಜಿಲ್ಲೆಯ ಪಾಬಳ್ ಎಂಬ ಹಳ್ಳಿ. ಅಲ್ಲಿನ ವಿಜ್ಞಾನ ಆಶ್ರಮದಲ್ಲಿ 2002ರಲ್ಲಿ ಸ್ಥಾಪಿಸಿದ ಫ್ಯಾಬ್ ಲ್ಯಾಬ್, ಎಂಐಟಿಯ ಹೊರಗೆ ಶುರುವಾದ ಮೊಟ್ಟಮೊದಲನೆಯದು ಎಂದು ಹೆಸರಾಗಿದೆ. ಹಾಲಿನ ಗುಣ ಅಳೆಯುವ, ಡೀಸೆಲ್ ಎಂಜಿನ್ನಿನ ಓಟ ಸರಿಮಾಡಿಕೊಳ್ಳುವ ಅಗ್ಗದ ಸಾಧನಗಳು ಅಲ್ಲಿನ ಕನಸುಗಳಾಗಿದ್ದವು. ಹಳ್ಳಿಯ ಬದುಕಿನಿಂದಲೇ ಎದ್ದ ಬೇಡಿಕೆಗಳು ಇವು, ಕೀಚೈನುಗಳಲ್ಲ.

ಪುಸ್ತಕ ಉತ್ಸಾಹದಿಂದ ತುಂಬಿದೆ, ಓದುವಾಗ ಆ ಉತ್ಸಾಹ ನಮಗೂ ಹತ್ತುತ್ತದೆ. ಆದರೆ ಅದರ ಕಥನದ ಕ್ರಮ ತಲೆಕೆಳಗು. ಯಂತ್ರ ಬಂತು, ಹಳ್ಳಿ ಎಚ್ಚೆತ್ತಿತು ಎಂಬಂತೆ ಓದಿಸಿಕೊಳ್ಳುತ್ತದೆ. ಪಾಬಳ್‌ನಲ್ಲಿ ವಿಜ್ಞಾನ ಆಶ್ರಮ ಶುರುವಾದದ್ದು 1983ರಲ್ಲಿ. ಶ್ರೀನಾಥ ಕಲ್ಬಾಗ್ ಎಂಬ ವಿಜ್ಞಾನಿ ಉದ್ಯಮದ ಸಂಶೋಧನಾ ಕೆಲಸ ಬಿಟ್ಟು ಬಂದು, ಶಾಲೆ ಬಿಟ್ಟ ಹುಡುಗರಿಗೆ ಮಾಡುತ್ತಲೇ ಕಲಿಸುವ ಪಾಠಕ್ರಮ ಕಟ್ಟಿದರು. ಬೆಸುಗೆ, ಬಡಗಿ ಕೆಲಸ, ಹೊಲ, ವಿದ್ಯುತ್ತು, ಊರಿನವರಿಗೆ ಬೇಕಾದ ರಿಪೇರಿ. ಅಲ್ಲಿ ಅಭಿವೃದ್ಧಿಪಡಿಸಿದ ಗುಮ್ಮಟದ ಮನೆಗಳು 1993ರ ಲಾತೂರ್ ಭೂಕಂಪದ ನಂತರ ನಿರಾಶ್ರಿತರಿಗೆ ಆಸರೆಯಾದವು. ಅಂದರೆ ಡಿಜಿಟಲ್ ಯಂತ್ರ ಬರುವ ಇಪ್ಪತ್ತು ವರ್ಷ ಮುಂಚೆಯೇ ಅಲ್ಲಿ ತಪ್ಪಿದರೆ ಬೈಯದ ಒಂದು ಅಂಗಳ ಇತ್ತು. ಹುಡುಗನೊಬ್ಬ ಬೆಸುಗೆ ಕೆಡಿಸಿದರೆ ಅದೇ ಅವತ್ತಿನ ಪಾಠ. ಆ ಅಂಗಳಕ್ಕೆ ಯಂತ್ರ ಬಂದಿಳಿಯಿತು. ಕಲ್ಬಾಗ್ 2003ರಲ್ಲಿ ತೀರಿಕೊಂಡರು. ಆಮೇಲೆ ಜಗತ್ತಿನಾದ್ಯಂತ ನಕಲಾದದ್ದು ಯಂತ್ರಗಳ ಪಟ್ಟಿ, ಅಂಗಳವಲ್ಲ. ನಮ್ಮ ಶಾಲಾ ಯೋಜನೆ ಬಂದಿರುವುದೂ ಆ ಪಟ್ಟಿಯ ವಂಶದಲ್ಲೇ.

ಇಂಥ ಅಂಗಳಗಳು ನಮ್ಮಲ್ಲಿ ಬೇರೆಯೂ ಇದ್ದವು. 1968ರ ಹೊತ್ತಿಗೆ ರೂಪುಗೊಂಡ ಜೈಪುರ ಕಾಲಿನ ಕತೆಯಲ್ಲಿ ಕಂಪ್ಯೂಟರ್ ಇಲ್ಲ. ಹೆಚ್ಚು ಓದಿರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಟೈರ್ ರೀಟ್ರೆಡ್ ಮಾಡುವ ಅಂಗಡಿಯ ಮುಂದೆ ನಿಂತಾಗ ರಬ್ಬರಿನ ಪಾದದ ಯೋಚನೆ ಹೊಳೆಯಿತು ಎಂದು ಹೇಳುತ್ತಾರೆ. ಆಸ್ಪತ್ರೆಯ ಡಾ. ಪಿ.ಕೆ. ಸೇಠಿಯವರ ಜೊತೆ ಮಾಡಿ ನೋಡಿ, ಮುರಿದು, ಮತ್ತೆ ಮಾಡಿದ ಪಾದ ಅದು. ಕೆಳಗೆ ಕೂರುವ, ಕೆಸರಿನಲ್ಲಿ ನಡೆಯುವ, ಚಪ್ಪಲಿ ಹಾಕದ ಜನರಿಗೆ ಒಪ್ಪುವಂಥದ್ದು. 1981ರ ಮ್ಯಾಗ್ಸೆಸೆ ಪ್ರಶಸ್ತಿ ಡಾಕ್ಟರಿಗೆ ಬಂತು.

ಇನ್ನೊಂದು ತುದಿಯಲ್ಲಿ ಈ ತಂತ್ರಜ್ಞಾನ ನಿಜಕ್ಕೂ ಬೆರಗು ಹುಟ್ಟಿಸುವಂತೆ ಬೆಳೆದಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಎಂಜಿನ್ನನ್ನು ಇಸ್ರೋ ಲೋಹದ ಪುಡಿಯಿಂದ ಮುದ್ರಿಸುವಂತೆ ಮರುವಿನ್ಯಾಸ ಮಾಡಿತು. ಮೊದಲು 14 ಭಾಗಗಳಿದ್ದದ್ದು ಒಂದಾಯಿತು, 19 ಬೆಸುಗೆಗಳು ಬೇಡವಾದವು. ಬಡಿದ ಲೋಹದಿಂದ ಕೊರೆದು ಮಾಡುವಾಗ ಒಂದು ಎಂಜಿನ್ನಿಗೆ 565 ಕಿಲೋ ಲೋಹ ಬೇಕಿದ್ದರೆ ಈಗ 13.7 ಕಿಲೋ ಪುಡಿ. ಬೆಂಗಳೂರಿನ ವಿಪ್ರೋ 3ಡಿ ಮುದ್ರಿಸಿಕೊಟ್ಟ ಈ ಎಂಜಿನ್ 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ 665 ಸೆಕೆಂಡು ಉರಿಯಿತು. ಅದೇ ತಿಂಗಳ 30ರಂದು ಚೆನ್ನೈನ ಅಗ್ನಿಕುಲ್ ಕಂಪನಿ ಒಂದೇ ತುಂಡಾಗಿ ಮುದ್ರಿಸಿದ ಎಂಜಿನ್ನಿನ ಪುಟ್ಟ ರಾಕೆಟ್ಟನ್ನು ಶ್ರೀಹರಿಕೋಟಾದಿಂದ ಹಾರಿಸಿತು. ಅದಕ್ಕೆ ಮುಂಚೆ ನಾಲ್ಕು ಸಲ ಉಡಾವಣೆಯನ್ನು ಕೈಬಿಟ್ಟಿದ್ದರು, ಒಮ್ಮೆಯಂತೂ ಕೊನೆಯ ಕ್ಷಣಗಳಲ್ಲಿ. ಆ ನಾಲ್ಕು ಸಲವೂ ಪತ್ರಿಕೆಗಳು ‘ಮುಂದೂಡಿಕೆ’ ಎಂದು ಬರೆದವು. ನಮ್ಮ ಶಾಲೆಯ ಮೇಷ್ಟ್ರಿಗೆ ಆ ಪದ ಸಿಗುವುದಿಲ್ಲ. ಅವರಿಗೆ ‘ದುರ್ಬಳಕೆ’ ಸಿಗುತ್ತದೆ.

ತಪ್ಪುವ ಹಕ್ಕೂ ಒಂದು ಬಂಡವಾಳ, ಅದು ಉಳಿದ ಬಂಡವಾಳದಂತೆಯೇ ಹಂಚಿಕೆಯಾಗಿದೆ. ಬಾಹ್ಯಾಕಾಶ, ವಾಹನೋದ್ಯಮ, ದೊಡ್ಡ ಆಸ್ಪತ್ರೆಗಳಲ್ಲಿ ಈ ಯಂತ್ರ ಬೇಗ ಬೇರೂರಿದ್ದು ಅಲ್ಲಿ ತಪ್ಪನ್ನು ಭರಿಸುವ ಹಣ, ಅದನ್ನು ದಾಖಲಿಸುವ ಪದ್ಧತಿ ಮೊದಲೇ ಇದ್ದದ್ದರಿಂದ. ಎಲ್ಲಿ ಅದು ಅತ್ಯಂತ ಅಗತ್ಯವಾಗಿತ್ತೋ ಅಲ್ಲಿಗೆ ಯಂತ್ರ ಮಾತ್ರ ತಲುಪಿದೆ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಕಾರ್ಯನೀತಿಯ ಗುರಿಗಳು ಹೀಗಿದ್ದವು: 2025ರ ಹೊತ್ತಿಗೆ ಜಾಗತಿಕ ಮಾರುಕಟ್ಟೆಯಲ್ಲಿ ಶೇಕಡಾ 5 ಪಾಲು, 50 ದೇಶೀಯ ತಂತ್ರಜ್ಞಾನಗಳು, 100 ಸ್ಟಾರ್ಟ್‌ಅಪ್‌ಗಳು, 500 ಉತ್ಪನ್ನಗಳು. ಗುಂಡನೆಯ ಸಂಖ್ಯೆಗಳು. 500 ಉತ್ಪನ್ನ ಬರಬೇಕಾದರೆ ಎಷ್ಟು ಸಾವಿರ ಮಾದರಿಗಳು ಕಸದ ಬುಟ್ಟಿ ಸೇರಬೇಕು, ಆ ಬುಟ್ಟಿ ಯಾರ ಮನೆಯ ಮುಂದೆ ಇರಬೇಕು ಎಂಬ ಲೆಕ್ಕ ಈ ಗುರಿಗಳಲ್ಲಿಲ್ಲ.

ಕಸುಬುದಾರರ ಕನ್ನಡದಲ್ಲಿ ಪ್ರೋಟೋಟೈಪ್‌ಗೆ ಏನನ್ನುತ್ತಾರೆ ಎಂದು ಕೇಳಿಕೊಂಡೇ ನಾನು ಬೆಳಗಾವಿಯ ಉದ್ಯಮಬಾಗಕ್ಕೆ ಹೋಗಿದ್ದು. ಅದು ಫೌಂಡ್ರಿಗಳ ಊರು. ‘ಮೂಲಮಾದರಿ’ಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ‘ಸ್ಯಾಂಪಲ್’, ‘ಟ್ರಯಲ್ ಪೀಸ್’, ಎಲ್ಲಕ್ಕಿಂತ ಹೆಚ್ಚಾಗಿ ‘ಪ್ಯಾಟರ್ನ್’. ಎರಕಕ್ಕೆ ಮರಳಿನಲ್ಲಿ ಗುಳಿ ಮಾಡಲು ಬೇಕಾದ ಮರದ ಆಕೃತಿಯೇ ಪ್ಯಾಟರ್ನ್. ಕಾದ ಲೋಹ ಆರುವಾಗ ಕುಗ್ಗುತ್ತದೆ, ಬೀಡುಕಬ್ಬಿಣ ಸುಮಾರು ಶೇಕಡಾ 1, ಉಕ್ಕು 2ರಷ್ಟು. ಅದಕ್ಕಾಗಿ ಪ್ಯಾಟರ್ನನ್ನು ಬೇಕೆಂದೇ ದೊಡ್ಡದಾಗಿ ಮಾಡುತ್ತಾರೆ. ಹಳೆಯ ಪ್ಯಾಟರ್ನ್ ಕೆಲಸಗಾರರ ಅಳತೆಪಟ್ಟಿಯಲ್ಲಿ ಒಂದೊಂದು ಇಂಚೂ ನಮ್ಮ ಇಂಚಿಗಿಂತ ಕೂದಲೆಳೆ ಉದ್ದ. ತಾನು ಅಂತಿಮ ವಸ್ತುವಲ್ಲ ಎಂಬುದು ಅದರ ಅಳತೆಯಲ್ಲೇ ಬರೆದಿರುತ್ತದೆ. ಕನ್ನಡಕ್ಕೆ ‘ಮಾದರಿ’ ಬದಲು ಈ ಕಸುಬಿನಿಂದ ಒಂದು ಪದ ಬಂದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿದೆ.

ಅಲ್ಲಿ ಅರವತ್ತು ದಾಟಿದ ಪ್ಯಾಟರ್ನ್ ಕೆಲಸಗಾರರೊಬ್ಬರು ಸಿಕ್ಕರು. ಈಗ ಕೆಲವು ಆರ್ಡರುಗಳಿಗೆ ಗಿರಾಕಿಗಳೇ 3ಡಿ ಮುದ್ರಿಸಿದ ಪ್ಲಾಸ್ಟಿಕ್ ಪ್ಯಾಟರ್ನ್ ಕಳಿಸುತ್ತಾರಂತೆ. ನಿಮ್ಮ ಕೆಲಸ ಹೋಯಿತೇ ಎಂದು ಕೇಳಿದ್ದಕ್ಕೆ ನಕ್ಕರು.

‘ಕೆಲಸ ಎಲ್ಲಿ ಹೋಗತೈತಿ? ಇದೂ ನನ್ನ ಕಡೇನ ಬರತೈತಿ. ಕಟಗಿ ಮಳಿಗಾಲದಾಗ ಉಬ್ಬತಿತ್ತು, ಇದು ಉಬ್ಬೂದಿಲ್ಲ, ಅದು ಖರೇ. ಆದ್ರ ಮರಳಿನ್ಯಾಗಿಂದ ಎತ್ತೂಮುಂದ ಅಂಚು ಹರೀತೈತಿ. ಇಳಿಜಾರು ಕಮ್ಮಿ ಕೊಟ್ಟಾರ. ಕಟಗಿ ಆಗಿದ್ರ ನಾನ ತಿಕ್ಕಿ ಸರಿ ಮಾಡ್ತಿದ್ದೆ. ಇದಕ್ಕ ಪುಟ್ಟಿ ಹಚ್ಚಿ ತಿಕ್ಕತೇನಿ.’

ಅದನ್ನ ನಕ್ಷೆ ಮಾಡಿದವರಿಗೆ ಹೇಳಲಿಲ್ಲವೇ ಎಂದೆ.

‘ಫೈಲ್ ಅವರ ಕಡೆ ಇರತೈತಿ ತಂಗಿ. ನನ್ನ ಕಡೆ ಬರೂದು ಸಾಮಾನು. ಹ್ವಾದ ವರ್ಷ ಸರಿ ಮಾಡಿ ಕೊಟ್ಟೆ. ಈ ವರ್ಷ ಮತ್ತ ಹೊಸಾದ ಬಂತು, ಅದ ತಪ್ಪು ಇಟಗೊಂಡ.’

ಅವರ ಹಿಂದಿನ ಮಾಡದಲ್ಲಿ ನಲವತ್ತು ವರ್ಷದ ಮರದ ಪ್ಯಾಟರ್ನುಗಳು ಒಟ್ಟಿದ್ದವು. ಪಂಪಿನ ಹೊಟ್ಟೆ, ಪುಲ್ಲಿ, ಯಾವುದೋ ಮುಚ್ಚಿಹೋದ ಕಾರ್ಖಾನೆಯ ಬೇರಿಂಗ್ ಮನೆ. ಒಂದೊಂದರ ಮೇಲೂ ಪೆನ್ಸಿಲ್ಲಿನ ಗುರುತು, ಎಲ್ಲಿ ಎಷ್ಟು ತಿಕ್ಕಿದೆ, ಯಾವ ವರ್ಷ ತಿಕ್ಕಿದೆ ಎಂದು. ಮುಂದಿನ ಆರ್ಡರ್ ಬಂದಾಗ ಅದೇ ಕಟ್ಟಿಗೆ ಮತ್ತೆ ಮರಳಿಗೆ ಇಳಿಯುತ್ತಿತ್ತು, ತಿದ್ದಿದ್ದು ಅದರಲ್ಲೇ ಉಳಿಯುತ್ತಿತ್ತು. ಮೇಜಿನ ಮೇಲೆ ಆವತ್ತಿನ ಬಿಳಿ ಪ್ಲಾಸ್ಟಿಕ್ಕಿನ ಪ್ಯಾಟರ್ನ್ ಇತ್ತು. ಅಭ್ಯಾಸಬಲದಿಂದ ಅದರ ತಳಕ್ಕೂ ಅವರು ಕೆಂಪು ಪೇಂಟಿನಲ್ಲಿ ಬರೆದಿದ್ದರು: ಈ ಬದಿ ಅರ್ಧ ಎಂಎಂ ಹೆಚ್ಚು ಇಳಿಜಾರು ಬೇಕು. ಎರಕ ಮುಗಿದ ಮೇಲೆ ಅದು ಗಿರಾಕಿಯ ಗೋದಾಮಿಗೆ ವಾಪಸ್ಸು ಹೋಗುತ್ತದೆ. ಕಳೆದ ವರ್ಷದ್ದರ ತಳಕ್ಕೂ ಹಾಗೇ ಬರೆದು ಕಳಿಸಿದ್ದರಂತೆ.